ದೋಣಿ ಮೋಟಾರ್: ಆದಿತ್ಯವಾರ ಬೆಳಿಗ್ಗೆ 7ಕ್ಕೆ ಬನ್ನಿ

ಎಲ್ಲರಿಗೂ ನಮಸ್ಕಾರ. ನಮ್ಮ ಪಾಲಿನ ದೋಣಿಗೆ ತಂದ ಮೋಟಾರ್ ಉದ್ದ ಶಾಫ್ಟಿನದ್ದು, ದೋಣಿಯ ಹಿಂಬದಿಯಲ್ಲಿ ಮೋಟಾರ್ ಕೂರಿಸುವ ಹಲಗೆ 20 ಇಂಚು ಎತ್ತರ ಇದ್ದರೆ ಸರಿಯಾಗುವಂಥದ್ದು. ನಿನ್ನೆ ಟೇಪ್ ಹಿಡಿದು ನೋಡಿದೆ, ನಮ್ಮ ದೋಣಿಯ ಹಲಗೆ ಬರೀ 15 ಇಂಚು! ಹಾಗೇ ಕೂರಿಸಿದರೆ ನೀರೊಳಗೆ ತಿರುಗುವ ಫ್ಯಾನ್ 5 ಇಂಚು ಜಾಸ್ತಿ ಕೆಳಗಿಳಿಯುತ್ತದೆ. ಶಿರಿಯ ಅಳಿವೆಯಲ್ಲಿ ನೀರು ಇಳಿದಾಗ ಹೊಯಿಗೆಗೆ ಬಡಿಯುವುದು ಗ್ಯಾರಂಟಿ. ಪೆಟ್ರೋಲೂ ಸುಮ್ನೆ ಖರ್ಚು.

ಆದ್ದರಿಂದ ಹಲಗೆಯ ಮೇಲೆ 5 ಇಂಚು ಮರ ಏರಿಸೋಣ. ಒಳಗಿನಿಂದಲೂ ಆಸರೆ ಬೇಕು, ಎತ್ತರಿಸಿದಷ್ಟೂ ಹಲಗೆಗೆ ಎಳೆತ ಜಾಸ್ತಿ ಅಲ್ವಾ. ಮೊಳೆ ಬೇಡವೇ ಬೇಡ, ಆಚೀಚೆ ತೂರುವ ಸ್ಟೀಲ್ ಬೋಲ್ಟ್ ಹಾಕಿ ತೂತುಗಳಿಗೆ ಸೀಲೆಂಟ್ ತುಂಬಬೇಕು. ಫ್ಯಾನಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸಮ ಬಂದರೆ, ಅಥವಾ ಒಂದಿಂಚು ಕೆಳಗಿದ್ದರೆ, ಸರಿ. ಮೋಟಾರಿಗೆ ಒಂದು ಚೈನ್ ಕಟ್ಟಲೇಬೇಕು, ಸ್ಕ್ರೂ ಸಡಿಲವಾದರೂ ನೀರುಪಾಲಾಗದು.

ಡ್ರಿಲ್ ಯಾರ ಹತ್ತಿರ ಇದೆ? ಎತ್ತಲು ನಾಲ್ಕು ಜನ ಸಾಕು. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಅಲ್ಲಿಯವರೆಗೆ ಯಾರೂ ದಡದಲ್ಲಿ ಮೋಟಾರ್ ಸ್ಟಾರ್ಟ್ ಮಾಡಿ ನೋಡಬೇಡಿ. ನೀರಿಲ್ಲದೆ ಓಡಿಸಿದರೆ ಮೋಟಾರನ್ನು ತಂಪಾಗಿಡುವ ನೀರಿನ ಪಂಪ್ ಸುಟ್ಟು ಹೋಗುತ್ತದೆ. ಚಾ, ಗೋಳಿಬಜೆ ನನ್ನ ಲೆಕ್ಕ.