ಕಿಮೊ ರೋಗಿಗೆ ನಡಿಗೆಯೂ ಬೇಕು

ಮಾನ್ಯ ಸಂಪಾದಕರೇ,

ಕಳೆದ ವರ್ಷ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್‌ಗಾಗಿ ಕಿಮೊಥೆರಪಿ ನಡೆಯುತ್ತಿದ್ದಾಗ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಬಂದುಹೋದ ನೆಂಟರಿಷ್ಟರು, ಊರಿನಿಂದ ಫೋನ್ ಮಾಡಿದವರು, ಎಲ್ಲರೂ ಹೇಳಿದ್ದು ಒಂದೇ ಮಾತು: ‘ಓಡಾಡಬೇಡಿ, ಮಲಗಿಕೊಂಡಿರಿ.’ ಆ ಪ್ರೀತಿಯನ್ನು ನಾನು ಹಳಿಯುತ್ತಿಲ್ಲ. ಮೊದಲ ಎರಡು ಸುತ್ತುಗಳಲ್ಲಿ ಅವಳ ಕೈಯಿಂದ ನೀರಿನ ತಂಬಿಗೆಯನ್ನೂ ಕಸಿದುಕೊಂಡವನು ನಾನೇ. ಆದರೆ ಹೃದಯದ ಮಟ್ಟಿಗೆ ಈ ಸಲಹೆ ಹಿತಕರವಲ್ಲವೆಂಬುದು ತಡವಾಗಿ ತಿಳಿಯಿತು.

ಅವಳಿಗೆ ಕೊಟ್ಟ ಔಷಧಗಳಲ್ಲಿ ಒಂದು ಡಾಕ್ಸೊರುಬಿಸಿನ್. ಅದರ ಬಣ್ಣದಿಂದಾಗಿ ವಾರ್ಡಿನಲ್ಲಿ ನಾವೆಲ್ಲ ‘ಕೆಂಪು ಔಷಧ’ ಎನ್ನುತ್ತಿದ್ದೆವು. ಗೆಡ್ಡೆಯ ಕೋಶಗಳನ್ನು ಕೊಲ್ಲುವುದರಲ್ಲಿ ಅದು ಬಲಶಾಲಿಯೇ. ಆದರೆ ಹೃದಯದ ಸ್ನಾಯುಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳನ್ನೂ ಅದು ಕೆಡಿಸುತ್ತದೆ, ಮತ್ತು ಸತ್ತ ಹೃದಯಕೋಶಗಳ ಜಾಗಕ್ಕೆ ಹೊಸವು ಹುಟ್ಟಿಬರುವುದು ತೀರಾ ಕಡಿಮೆ. ಹಾನಿಯು ಒಟ್ಟು ಪ್ರಮಾಣದೊಂದಿಗೆ ಏರುತ್ತದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ತಲುಪಿದಾಗ ಶೇ 5ರಷ್ಟು ರೋಗಿಗಳಲ್ಲಿ, 550 ತಲುಪಿದಾಗ ಶೇ 26ರಷ್ಟು ರೋಗಿಗಳಲ್ಲಿ ಹೃದಯ ವೈಫಲ್ಯ ಕಾಣಿಸಿಕೊಂಡಿತೆಂದು 2003ರ ವಿಶ್ಲೇಷಣೆಯೊಂದು ಅಂದಾಜು ಮಾಡಿತ್ತು. ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡುವ ನಾಲ್ಕು ಸುತ್ತುಗಳಲ್ಲಿ ಒಟ್ಟು 240 ಆಗುತ್ತದೆ. ಹಾಗಾಗಿ ಗಾಬರಿಪಡಬೇಕಿಲ್ಲ, ಆದರೂ ಮೆಟ್ಟಿಲು ಹತ್ತುವಾಗ ಬೇಗ ಉಸಿರುಕಟ್ಟುವ ಸ್ಥಿತಿ ಹಲವರಿಗೆ ಉಳಿದುಬಿಡುತ್ತದೆ.

ಇದಕ್ಕೆ ಹಾಸಿಗೆಯೂ ಸೇರಿದರೆ ಏನಾಗುತ್ತದೆ? 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆರೋಗ್ಯವಂತರಾದ ಐವರು ಯುವಕರನ್ನು ಸುಮಾರು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಅವರ ದೇಹದ ಆಮ್ಲಜನಕ ಬಳಸುವ ಶಕ್ತಿಯನ್ನು ಅಳೆದರು. 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಅಳೆದಾಗ, ಮೂರು ದಶಕಗಳ ವಯಸ್ಸು ಮಾಡಿದ್ದಕ್ಕಿಂತ ಹೆಚ್ಚಿನ ಕೇಡನ್ನು ಆ ಮೂರು ವಾರಗಳ ಹಾಸಿಗೆಯೇ ಮಾಡಿತ್ತೆಂದು ಕಂಡುಬಂತು. ಕಟ್ಟುಮಸ್ತಾದ ಹುಡುಗರ ಗತಿಯೇ ಹೀಗಾದರೆ, ಐವತ್ತು ದಾಟಿದ, ಕೆಂಪು ಔಷಧ ಮೈಯಲ್ಲಿ ಹರಿಯುತ್ತಿರುವ ಹೆಂಗಸನ್ನು ನಾಲ್ಕು ತಿಂಗಳು ಮಲಗಿಸುವುದನ್ನು ಆರೈಕೆ ಎನ್ನಬಹುದೇ?

ವ್ಯಾಯಾಮ ಮಾಡಿಸಿದ ಇಲಿಗಳಲ್ಲಿ ಡಾಕ್ಸೊರುಬಿಸಿನ್‌ನಿಂದ ಹೃದಯಕ್ಕಾಗುವ ಹಾನಿ ಕಡಿಮೆಯೆಂದು ಹಿಂದಿನಿಂದಲೂ ತಿಳಿದಿತ್ತು. ಇಲಿಗೆ ಸಂದದ್ದೆಲ್ಲ ಮನುಷ್ಯರಿಗೂ ಸಲ್ಲುವುದಿಲ್ಲ, ನಿಜ. ಆದರೆ ಇದೇ ಗುಂಪಿನ ಔಷಧ ಪಡೆಯಲಿದ್ದ ಸ್ತನ ಕ್ಯಾನ್ಸರಿನ 104 ಮಹಿಳೆಯರ ಮೇಲೆ ಆಸ್ಟ್ರೇಲಿಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ಕ್ರಮಬದ್ಧ ವ್ಯಾಯಾಮ ಮಾಡಿದವರ ದೇಹಶಕ್ತಿ ಉಳಿದವರಿಗಿಂತ ಚೆನ್ನಾಗಿತ್ತು ಮತ್ತು ಶ್ರಮದ ವೇಳೆ ಹೃದಯವು ಹೆಚ್ಚು ರಕ್ತ ತಳ್ಳಬಲ್ಲದಾಗಿತ್ತು. ವಿಶ್ರಾಂತಿಯಲ್ಲಿದ್ದಾಗ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ) ಅಳೆಯುವ, ನಾವು ‘ಪಂಪಿಂಗ್’ ಎನ್ನುವ, ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಶೇಕಡಾವಾರು ಅಂಕಿಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಅಂದರೆ ನಡಿಗೆಯನ್ನು ಹೃದಯಕ್ಕೆ ತೊಡಿಸಿದ ಕವಚವೆಂದು ಸಾರುವ ಕಾಲ ಇನ್ನೂ ಬಂದಿಲ್ಲ; ಆದರೆ ಎಕೋ ವರದಿ ಸರಿಯಾಗಿದೆಯೆಂದ ಮಾತ್ರಕ್ಕೆ ಎಲ್ಲವೂ ಸರಿಯೆಂದು ಸುಮ್ಮನಾಗುವಂತೆಯೂ ಇಲ್ಲ. ಗುಣಪಡಿಸುವ ಉದ್ದೇಶದ ಚಿಕಿತ್ಸೆ ನಡೆಯುತ್ತಿರುವಾಗಲೇ ವ್ಯಾಯಾಮವನ್ನು ಸೂಚಿಸಬೇಕೆಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2022ರಲ್ಲಿಯೇ ವೈದ್ಯರಿಗೆ ಹೇಳಿದೆ.

ನಮಗೆ ಚಿಕಿತ್ಸೆ ನಡೆದ ಆಸ್ಪತ್ರೆಯಲ್ಲಿ ಈ ಮಾತನ್ನು ಯಾರೂ ತಾವಾಗಿ ಎತ್ತಲಿಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ನಾವೇ ಕೇಳಿದಾಗ ಡಾಕ್ಟರರು ರಕ್ತ ಪರೀಕ್ಷೆ ನೋಡಿ, ‘ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗದಲ್ಲಿ ನಡೆಯಲಿ’ ಎಂದರು. ಜ್ವರ ಬಂದ ದಿನ, ಹಿಮೊಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ತೀರಾ ಇಳಿದಾಗ, ಎದೆನೋವು ಅಥವಾ ತಲೆಸುತ್ತು ಇದ್ದಾಗ ಬೇಡವೆಂದೂ ಸ್ಪಷ್ಟವಾಗಿ ತಿಳಿಸಿದರು. ಮಳೆಗಾಲವಾದ್ದರಿಂದ ಕಟ್ಟಡದ ಉದ್ದನೆಯ ಕಾರಿಡಾರಿನಲ್ಲೇ ಹತ್ತು ನಿಮಿಷದಿಂದ ಶುರುವಾದ ನಡಿಗೆ ಕೊನೆಯ ಸುತ್ತಿನ ವೇಳೆಗೆ ಅರ್ಧ ಗಂಟೆಗೆ ಬಂತು. ನೆರೆಮನೆಯವರು ನನ್ನನ್ನು ಕಟುಕನಂತೆ ನೋಡಿದ್ದೂ ಉಂಟು.

ಮುಂಬಯಿಯ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆಂದು ಕರ್ನಾಟಕದಿಂದ ಬರುವವರು ತಿಂಗಳುಗಟ್ಟಲೆ ಧರ್ಮಶಾಲೆಗಳಲ್ಲಿ, ಬಂಧುಗಳ ಕಿರುಕೋಣೆಗಳಲ್ಲಿ ಇರುತ್ತಾರೆ. ಅವರಿಗೆ ಕಾಲಾಡಿಸಲು ಜಾಗವೂ ಇಲ್ಲ, ಕನ್ನಡದಲ್ಲಿ ಹೇಳುವವರೂ ಕಡಿಮೆ. ಇಲ್ಲಿನ ನಮ್ಮ ಕನ್ನಡ ಸಂಘ-ಸಂಸ್ಥೆಗಳು ಚಿಕಿತ್ಸೆಗೆ ಧನಸಹಾಯ ಮಾಡುವುದರಲ್ಲಿ ಎಂದೂ ಹಿಂದೆ ಬಿದ್ದಿಲ್ಲ. ಅವುಗಳ ಸಭಾಭವನಗಳು ವಾರದ ದಿನಗಳಲ್ಲಿ ಬೆಳಗಿನ ಹೊತ್ತು ಖಾಲಿಯಿರುತ್ತವೆ. ಫಿಸಿಯೊಥೆರಪಿಸ್ಟ್ ಒಬ್ಬರ ಉಸ್ತುವಾರಿಯಲ್ಲಿ, ವೈದ್ಯರ ಅನುಮತಿ ಚೀಟಿ ತಂದ ರೋಗಿಗಳಿಗಾಗಿ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಆ ಬಾಗಿಲುಗಳನ್ನು ತೆರೆದಿಡಬಹುದೇ ಎಂದು ಪದಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೇಳಬಯಸುತ್ತೇನೆ. ಕುರ್ಚಿಗಳನ್ನು ಬದಿಗೆ ಸರಿಸುವ ಕೆಲಸಕ್ಕೆ ನಾನು ಬರುತ್ತೇನೆ.

— ಓದುಗ, ಡೊಂಬಿವಲಿ ಪೂರ್ವ