ಕಾಲು ಮುರಿದಿತ್ತು ಅಂತ ಹೇಳಬೇಡ ಮಗಳೇ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು, "ಆಫೀಸಲ್ಲಿ ಯಾರಾದ್ರೂ ಕೇಳಿದ್ರೆ ಕಾಲು ಮುರಿದಿತ್ತು ಅಂದುಬಿಡ್ತೀನಿ ಅಪ್ಪಾ, ತಲೆ ವಿಷಯ ಎತ್ತೋದೇ ಇಲ್ಲ" ಅಂದೆ. ನಾನು ಆಗ ಏನೂ ಹೇಳಲಿಲ್ಲ. ಸಂಜೆಯಾದರೆ ನಿನಗೆ ಫೋನಿನ ಮಾತು ಭಾರ. ಆ ಹೊತ್ತಿನಲ್ಲಿ ವಾದಕ್ಕೆ ಇಳಿಯೋದು ಬೇಡ ಅಂತ ಸುಮ್ಮನಾದೆ. ಅದಕ್ಕೇ ಈ ಕಾಗದ. ಇದನ್ನು ಒಂದೇ ಸಲಕ್ಕೆ ಓದಿ ಮುಗಿಸಬೇಡ. ಒಂದು ಪುಟ ಓದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗು, ಉಳಿದದ್ದು ಆಮೇಲೆ.

ನಿನ್ನ ಅಂಜಿಕೆ ನನಗೆ ಅರ್ಥವಾಗುತ್ತೆ. ಕಾಲು ಮುರಿದವಳಿಗೆ ಜನ ಕುರ್ಚಿ ಎಳೆದು ಕೊಡ್ತಾರೆ. ತಲೆಗೆ ಪೆಟ್ಟಾದವಳು ಅಂದ ಕೂಡಲೇ ದನಿ ತಗ್ಗಿಸಿ ಪಕ್ಕದವರ ಹತ್ತಿರ ಮಾತಾಡ್ತಾರೆ. ಆದರೆ ನೀನು ಮುಚ್ಚಿಡಬೇಕು ಅಂತಿರೋದರಲ್ಲಿ ಏನೇನಿದೆ ಅಂತ ನಿನಗೇ ಪೂರ್ತಿ ಗೊತ್ತಿಲ್ಲ. ಗೊತ್ತಿರೋಕೆ ಸಾಧ್ಯವೂ ಇಲ್ಲ, ಆ ವಾರಗಳು ನಿನ್ನ ನೆನಪಿಗೆ ಇಳಿಯಲೇ ಇಲ್ಲ. ನಾನೂ ನಿಮ್ಮಮ್ಮನೂ ಕಂಡಿದ್ದನ್ನು ಬರೆದು ಕೊಡ್ತೀನಿ. ಓದಿದ ಮೇಲೆ ನೀನೇ ತೀರ್ಮಾನ ಮಾಡು.

ರಿಂಗ್ ರೋಡಿನ ಹಂಪ್ ಹತ್ತಿರ ಸ್ಕೂಟರ್ ಜಾರಿತು. ನೀನು ಹಿಂದೆ ಕೂತಿದ್ದೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಯಮ ಬಂತು, ನಿನ್ನ ತಲೆ ಮೇಲೂ ಹೆಲ್ಮೆಟ್ ಇತ್ತು. ಬಕಲ್ ಮಾತ್ರ ಹಾಕಿರಲಿಲ್ಲ. ಹೆಲ್ಮೆಟ್ ಒಂದು ಕಡೆ ಉರುಳಿಹೋಯಿತು, ನೀನು ಒಂದು ಕಡೆ ಬಿದ್ದೆ. ಇದನ್ನು ದೂರಲಿಕ್ಕೆ ಬರೀತಿಲ್ಲ. ಮುಂದೆ ನೀನು ಯಾರ ಗಾಡಿ ಹತ್ತಿದರೂ ಗದ್ದದ ಕೆಳಗೆ 'ಟಕ್' ಅಂತ ಸದ್ದು ಕೇಳಿಸಲೇಬೇಕು, ಅಷ್ಟೇ.

ಮೈಸೂರಿನಲ್ಲಿ ಸ್ಕ್ಯಾನ್ ಮಾಡಿ, ಉಸಿರಾಟಕ್ಕೆ ಟ್ಯೂಬ್ ಹಾಕಿ, ಆಂಬುಲೆನ್ಸಿನಲ್ಲಿ ನಿಮ್ಹಾನ್ಸಿಗೆ ಕಳಿಸಿದರು. ಚೀಟಿಯ ಮೇಲೆ 'ಇ-1, ವಿ-2, ಎಂ-4' ಅಂತ ಬರೆದಿದ್ದರು. ಅದು ಗ್ಲಾಸ್ಗೋ ಕೋಮಾ ಸ್ಕೇಲ್, ರೋಗಿಗೆ ಎಷ್ಟು ಎಚ್ಚರ ಇದೆ ಅಂತ ಅಳೆಯೋದು ಅಂತ ಆಮೇಲೆ ತಿಳೀತು. 1974ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನುವ ಇಬ್ಬರು ನರಶಸ್ತ್ರಚಿಕಿತ್ಸಕರು ಮಾಡಿದ ಲೆಕ್ಕ ಅದು. ಕಣ್ಣು ತೆರೆಯೋದಕ್ಕೆ 4, ಮಾತಿಗೆ 5, ಕೈಕಾಲು ಆಡಿಸೋದಕ್ಕೆ 6, ಒಟ್ಟು 15. ಏನೂ ಮಾಡದೆ ಮಲಗಿದವರಿಗೂ 3 ಸಿಗುತ್ತೆ. ಜೀವನವಿಡೀ ಮಾರ್ಕ್ಸ್ ಹಾಕಿದ ಮೇಷ್ಟ್ರು ನಾನು, ಸೊನ್ನೆಯೇ ಇಲ್ಲದ ಪರೀಕ್ಷೆ ಅದೊಂದನ್ನೇ ಕಂಡಿದ್ದು. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟು ತೀವ್ರ ಅಂತ ಅರ್ಥ. ನಿನಗೆ ಬಂದದ್ದು 7. ನಿಮ್ಹಾನ್ಸ್ ಈಗಿನ ರೂಪಕ್ಕೆ ಬಂದದ್ದೂ ಅದೇ 1974ರಲ್ಲಿ ಅಂತ ಎಲ್ಲೋ ಓದಿದ್ದು ಆ ರಾತ್ರಿ ಕಾರಿಡಾರಿನಲ್ಲಿ ನೆನಪಾಯಿತು. ಹಾಗೆ ನೆನಪಾದದ್ದೆಲ್ಲ ಒಳ್ಳೆಯದಾಗಿರಲಿಲ್ಲ. 2021ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ಬೈಕಿನಿಂದ ಬಿದ್ದು ತೀರಿಹೋದದ್ದು, ಅವರ ಮನೆಯವರು ಅಂಗಾಂಗ ದಾನ ಮಾಡಿದ್ದು ಕಣ್ಣ ಮುಂದೆ ಬಂತು. ನಿಮ್ಮಮ್ಮನಿಗೆ ಅದನ್ನು ಹೇಳಲಿಲ್ಲ. ಅವಳಿಗೂ ಅದೇ ನೆನಪಾಗಿತ್ತಂತೆ, ಅವಳೂ ನನಗೆ ಹೇಳಿರಲಿಲ್ಲ.

ಆಪರೇಷನ್ ಯಾಕೆ ಅಂತ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕೂರಿಸಿಕೊಂಡು ಹೇಳಿದರು. ಕಾಲು ಊದಿದರೆ ಊದಲಿಕ್ಕೆ ಹೊರಗೆ ಜಾಗ ಇದೆ, ಬುರುಡೆಯೊಳಗೆ ಜಾಗವಿಲ್ಲ. ಎಡಗಡೆ ರಕ್ತ ಕಟ್ಟಿದೆ, ಮೆದುಳು ಬಾತಿದೆ, ಒತ್ತಡ ಇಳಿಸದಿದ್ದರೆ ಉಸಿರಾಟ ನಡೆಸುವ ಭಾಗವೇ ಜಜ್ಜಿಹೋಗುತ್ತೆ ಅಂದರು. ನಿನ್ನ ಎಡಗಡೆಯ ಮೂಳೆಯ ತುಂಡೊಂದನ್ನು ತೆಗೆದರು. ತೆಗೆದದ್ದನ್ನು ನಿನ್ನ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿದರು, ಕೆಡದೆ ಉಳಿಯಲಿ ಅಂತ. ಹೊಟ್ಟೆಯ ಮೇಲಿನ ಗೆರೆ ಏನು ಅಂತ ನೀನು ಒಮ್ಮೆ ಅಮ್ಮನನ್ನು ಕೇಳಿದ್ದೆಯಲ್ಲ, ಅದು ಇದು. ತಲೆಗೆ ಸುತ್ತಿದ ಬ್ಯಾಂಡೇಜಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ನೋ ಬೋನ್' ಅಂತ ಬರೆದಿದ್ದರು, ಮಗ್ಗುಲು ತಿರುಗಿಸುವವರು ಆ ಕಡೆ ಒತ್ತಬಾರದು ಅಂತ. ನಿಮ್ಮಮ್ಮ ಒಳಗೆ ಬಂದಾಗಲೆಲ್ಲ ಮೊದಲು ನೋಡ್ತಿದ್ದದ್ದು ಆ ಎರಡು ಪದ, ಆಮೇಲೆ ನಿನ್ನ ಮುಖ.

ಕುತ್ತಿಗೆಯಲ್ಲಿ ಉಸಿರಿನ ರಂಧ್ರ, ಮೂಗಿನಲ್ಲಿ ಊಟದ ನಳಿಗೆ. ಕಣ್ಣು ಬಿಟ್ಟ ಮೇಲೂ ನೀನು ನಮ್ಮನ್ನು ನೋಡ್ತಿರಲಿಲ್ಲ, ನಮ್ಮ ಕಡೆಗೆ ನೋಡ್ತಿದ್ದೆ ಅಷ್ಟೇ. ಸಿನಿಮಾದಲ್ಲಿ ಕೋಮಾದಿಂದ ಎದ್ದವರು "ನಾನೆಲ್ಲಿದ್ದೀನಿ" ಅಂತ ಕೇಳ್ತಾರಲ್ಲ, ಅಂಥದ್ದೇನೂ ಆಗಲಿಲ್ಲ. ಒಂದು ದಿನ 'ಕೈ ಹಿಡಿ' ಅಂದರೆ ಹಿಡಿದೆ, ಮಾರನೆಯ ದಿನ ಹಿಡಿಯಲಿಲ್ಲ, ಮತ್ತೆ ಹಿಡಿದೆ. ನುಂಗೋದನ್ನು ಪರೀಕ್ಷೆ ಮಾಡಿ ಬಾಯಿಗೆ ಊಟ ಶುರು ಮಾಡಿದಾಗ ನೀರು ಕೊಡಲಿಲ್ಲ, ಗಟ್ಟಿ ರಾಗಿ ಗಂಜಿ ಕೊಟ್ಟರು. ತೆಳ್ಳಗಿನದು ಶ್ವಾಸಕೋಶಕ್ಕೆ ಹೋಗಿಬಿಡುತ್ತಂತೆ. ಗದ್ದ ಎದೆಗೆ ತಾಗಿಸಿ, ಅರ್ಧ ಚಮಚ ನುಂಗಿ, ನೀನು ಕೆಮ್ಮಲಿಲ್ಲ. ಆ ಅರ್ಧ ಚಮಚಕ್ಕೆ ಸಿಸ್ಟರ್, ಆಯಾ, ಪಕ್ಕದ ಬೆಡ್ಡಿನ ಹಾಸನದ ಅಜ್ಜಿ ಎಲ್ಲರೂ ನಿಂತು ನೋಡಿದರು.

ಇನ್ನು ಅಮ್ಮ ನಿನಗೆ ಹೇಳದೆ ಇಟ್ಟಿರೋ ಭಾಗ. ಎಚ್ಚರ ಬಂದ ಮೇಲೆ ಕೆಲವು ದಿನ ನೀನು ನಳಿಗೆ ಕಿತ್ತೆ, ಸಿಸ್ಟರಿಗೆ ಉಗುರಿನಿಂದ ಗೀರಿದೆ, ಬಾಯಲ್ಲಿ ಬರಬಾರದ್ದೆಲ್ಲ ಬಂತು. ಕೈಗೆ ಬಟ್ಟೆಯ ಗವಸು ಕಟ್ಟಿದ್ದರು. ಅಮ್ಮ ಹೊರಗೆ ಹೋಗಿ ಅತ್ತಳು. ಆಗ ಡಾಕ್ಟರು, ಇದು ಸುಧಾರಣೆಯ ಲಕ್ಷಣ ಅಂದರು. ಕ್ಯಾಲಿಫೋರ್ನಿಯಾದ ರಾಂಚೋ ಲಾಸ್ ಅಮಿಗೋಸ್ ಆಸ್ಪತ್ರೆಯವರು ಚೇತರಿಕೆಯನ್ನು ಹಂತ ಹಂತವಾಗಿ ಪಟ್ಟಿ ಮಾಡಿದ್ದಾರಂತೆ, ಅದರಲ್ಲಿ 4ನೆಯ ಹಂತವೇ ಗೊಂದಲ ಮತ್ತು ಕೆರಳಿಕೆ. ಮೆದುಳು ಎದ್ದಿದೆ, ಸುತ್ತಲಿನದನ್ನು ಜೋಡಿಸಿಕೊಳ್ಳಲು ಇನ್ನೂ ಬರ್ತಿಲ್ಲ, ಹೆದರಿಕೆ ಸಿಟ್ಟಾಗಿ ಹೊರಬರುತ್ತೆ ಅಂದರು. ಆ ಮಾತುಗಳು ನಿನ್ನವಲ್ಲ ಪುಟ್ಟಿ. ಯಾರಾದರೂ ನೆಂಟರು ಎತ್ತಿ ಆಡಿದರೆ ನಾಚಿಕೊಳ್ಳಬೇಡ.

ಆಮೇಲೆ ಶುರುವಾಯಿತು ಪ್ರಶ್ನೆ. "ಬಸ್ ಬಂತಾ?" ಹೇಳಿದ ಐದು ನಿಮಿಷಕ್ಕೆ ಮತ್ತೆ, "ಬಸ್ ಬಂತಾ?" ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿ ಬಂದೆ, ಸಾವಿರ ಮೆಟ್ಟಿಲಿಗೂ ಕುಂಕುಮ ಇಟ್ಟೆ ಅಂತ ನೀನು ಹೇಳಿದ್ದೆ ಒಂದು ದಿನ, ಆಗ ನಿನ್ನ ಕೈಗೆ ಡ್ರಿಪ್ ಇತ್ತು. ಅದು ಸುಳ್ಳಲ್ಲವಂತೆ. ಹೊಸದನ್ನು ಹಿಡಿದಿಡಲಾಗದ ನೆನಪು ಹಳೆಯದನ್ನು ತಂದು ಖಾಲಿ ತುಂಬಿಸುತ್ತೆ. ಈ ಮರೆವಿನ ಕಾಲ ಎಷ್ಟು ಉದ್ದವೋ ಅದರ ಮೇಲೆ ಮುಂದಿನ ಚೇತರಿಕೆಯ ಅಂದಾಜು ಮಾಡ್ತಾರೆ, ಹಾಗಾಗಿ ನಾವು ದಿನಾ ಕಾಯ್ತಿದ್ದೆವು. ತಾರೀಖು ಕಣ್ಣಿಗೆ ಬೀಳ್ತಿರಲಿ ಅಂದದ್ದಕ್ಕೆ ನಾನು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತಂದು ನಿನ್ನೆದುರು ತೂಗುಹಾಕಿದೆ. ಒಂದು ಬೆಳಿಗ್ಗೆ ನೀನು ಅದನ್ನೇ ನೋಡ್ತಾ, "ಅಪ್ಪಾ, ನಿನ್ನೆದು ಗೀಟು ಹಾಕಿಲ್ಲ" ಅಂದೆ. ನಿನ್ನೆ ಅನ್ನೋದು ನಿನಗೆ ವಾಪಸ್ ಬಂದಿತ್ತು.

ಪುನಶ್ಚೇತನ ವಾರ್ಡಿನ ದಿನಗಳು ನಿನಗೂ ಅಷ್ಟಿಷ್ಟು ನೆನಪಿವೆ, ಅದನ್ನೆಲ್ಲ ಬರೆಯಲ್ಲ. ಮೂಳೆಯಿಲ್ಲದ ತಲೆಗೆ ಹೆಲ್ಮೆಟ್ ಹಾಕಿಕೊಂಡು ಎರಡು ಕಂಬಿಗಳ ನಡುವೆ ಬಲಗಾಲು ಎಳೀತಾ ನಡೆದದ್ದು, ತಿಂಗಳುಗಳ ಮೇಲೆ ಹೊಟ್ಟೆಯಿಂದ ಮೂಳೆ ತೆಗೆದು ವಾಪಸ್ ಕೂರಿಸಿದ್ದು ನಿನಗೆ ಗೊತ್ತು. ಒಂದನ್ನು ಮಾತ್ರ ಹೇಳ್ತೀನಿ. ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಯ ಮೇಡಂ ನಿನಗೆ ಕಾಫಿ ಮಾಡಲು ಹೇಳಿದರು. ಡಿಕಾಕ್ಷನ್ ಇತ್ತು, ಒಲೆ, ಪಾತ್ರೆ, ಸಕ್ಕರೆ, ಹಾಲಿನ ಪ್ಯಾಕೆಟ್ ಎಲ್ಲ ಮುಂದಿತ್ತು. ನೀನು ಪ್ಯಾಕೆಟ್ ಕೈಯಲ್ಲಿ ಹಿಡಿದು ನಿಂತೆ. ಕತ್ತರಿ ಪಕ್ಕದಲ್ಲೇ ಇತ್ತು. ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದೆ, ಇಟ್ಟೆ, ಸಕ್ಕರೆ ಡಬ್ಬಿ ತೆಗೆದೆ, ಮುಚ್ಚಿದೆ. ಕೈಗೆ ಆಗಲೇ ಬಲ ಬಂದಿತ್ತು. ಹಾಲು ಅಂದರೇನು, ಕತ್ತರಿ ಅಂದರೇನು ಅಂತ ಕೇಳಿದ್ದರೆ ಹೇಳ್ತಿದ್ದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮಾತ್ರ ಕೈಗೆ ಸಿಗ್ತಿರಲಿಲ್ಲ. ಹಣೆಯ ಹಿಂದಿನ ಭಾಗದ ಕೆಲಸವಂತೆ ಅದು, ಪೆಟ್ಟು ಬಿದ್ದದ್ದೂ ಅಲ್ಲಿಗೇ. ನಾನು ಎದ್ದು ಕತ್ತರಿ ಕೊಡಲು ಹೋದೆ, ಮೇಡಂ ಕಣ್ಣಲ್ಲೇ ತಡೆದರು. ಬೆವರಿದೆ ನೀನು. ಕೊನೆಗೆ ಕತ್ತರಿಸಿದೆ. ಅದನ್ನು ನೋಡಿದವನು ಯಾವನೂ ನಿನ್ನನ್ನು ಸೋಮಾರಿ ಅನ್ನಲಾರ.

ಊರಿಗೆ ಬಂದ ಮೇಲೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ. ನಿಮಿಷದಲ್ಲಿ ಎಷ್ಟು ತರಕಾರಿ ಹೆಸರು ಹೇಳ್ತೀಯ ಅಂತ ಕೇಳ್ತಿದ್ದರಲ್ಲ, ಅದಕ್ಕೆ ಮನೆಯಲ್ಲಿ ಅಭ್ಯಾಸವಾಗಲಿ ಅಂತ ದೇವರಾಜ ಮಾರ್ಕೆಟ್ಟಿನಿಂದ ಚೀಲ ತಂದು ಒಂದೊಂದಾಗಿ ಎತ್ತಿ ಹಿಡೀತಿದ್ದೆ. ಈರನಗೆರೆ ಬದನೆಕಾಯಿಗೆ ನೀನು "ಹಸಿರು... ಉದ್ದ... ಎಣ್ಣೆಗಾಯಿ!" ಅಂದೆ. ಹೆಸರು ಸಿಗದಿದ್ದರೆ ಸುತ್ತು ಬಳಸಿ ಹೋಗಿ ಮುಟ್ಟು ಅಂತ ಹೇಳಿಕೊಟ್ಟಿದ್ದರು, ಅದನ್ನು ನೀನು ಈಗಲೂ ಎಷ್ಟು ಚೆನ್ನಾಗಿ ಮಾಡ್ತೀಯ ಅಂದರೆ ಹೊರಗಿನವರಿಗೆ ಗೊತ್ತೇ ಆಗಲ್ಲ.

ಗೊತ್ತೇ ಆಗಲ್ಲ, ತೊಂದರೆ ಇರೋದೇ ಅಲ್ಲಿ. ನಂಜನಗೂಡಿನ ಮದುವೆ ನೆನಪಿಸಿಕೋ. ರೇಷ್ಮೆ ಸೀರೆ ಉಟ್ಟು, ಕೂದಲು ಬೆಳೆದು ಹೊಲಿಗೆ ಮುಚ್ಚಿ, ಚೆನ್ನಾಗಿ ಕಾಣ್ತಿದ್ದೆ. ವಾಲಗ ಜೋರಾಯಿತು, ಮಕ್ಕಳ ಗಲಾಟೆ, ಮೈಕು, ಟ್ಯೂಬ್‌ಲೈಟು. ನೀನು ಕಿವಿ ಮುಚ್ಚಿಕೊಂಡು ಕಾರಿಗೆ ಓಡಿದೆ. "ಚೆನ್ನಾಗೇ ಇದ್ದಾಳಲ್ಲ, ಏನು ನಖರಾ" ಅಂದರು ಒಬ್ಬರು. ಬೇಕಾದ ಸದ್ದು, ಬೇಡದ ಸದ್ದು ಅಂತ ಸೋಸುವ ಕೆಲಸ ನಿನ್ನ ಮೆದುಳು ಈಗ ಕಷ್ಟಪಟ್ಟು ಮಾಡಬೇಕು, ಅದಕ್ಕೆ ಬರುವ ದಣಿವು ನಿದ್ದೆಗೆಟ್ಟ ದಣಿವಿನಂಥದ್ದಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳದೆ ಇದ್ದರೆ ಆಫೀಸಿನವರೂ ಇದನ್ನೇ ಅನ್ನೋದು. ಮಧ್ಯಾಹ್ನ ಮೂರಕ್ಕೆ ನಿನಗೆ ಲೆಜರ್ ಮಂಜಾದರೆ, "ಕಾಲು ಸರಿಹೋಯಿತಲ್ಲ, ಇನ್ನೇನು?" ಅಂತಾರೆ. ಕಾಲಿನ ಸುಳ್ಳು ಹೇಳಿದರೆ ಸಿಗೋದು ಕಾಲಿನ ರಿಯಾಯಿತಿ ಮಾತ್ರ.

ಎಲ್ಲರಿಗೂ ಹೇಳು ಅಂತಿಲ್ಲ. ನಿನ್ನ ಮ್ಯಾನೇಜರಿಗೆ ಹೇಳು, ಪಕ್ಕದಲ್ಲಿ ಕೂರುವ ಒಬ್ಬರಿಗೆ ಹೇಳು. ಕೇಳಬೇಕಾದ್ದನ್ನು ಧೈರ್ಯವಾಗಿ ಕೇಳು: ಶುರುವಿನಲ್ಲಿ ಅರ್ಧ ದಿನ, ಲೆಕ್ಕದ ಕೆಲಸ ಬೆಳಿಗ್ಗೆಯೇ, ಬಾಯಲ್ಲಿ ಹೇಳಿದ್ದನ್ನು ಒಂದು ಸಾಲು ಮೇಲ್ ಮಾಡೋದು, ಒಂದು ಮುಗಿದ ಮೇಲೆ ಇನ್ನೊಂದು. ಇವನ್ನೆಲ್ಲ ದಯೆ ಅಂದುಕೊಳ್ಳಬೇಡ, ಮುಂಚೆ ನೀನು ಮಾಡ್ತಿದ್ದ ಲೆಕ್ಕ ಈಗಲೂ ಅಷ್ಟೇ ಶುದ್ಧವಾಗಿ ಬರಲಿಕ್ಕೆ ಬೇಕಾದ ಏರ್ಪಾಡು.

ಫಿನಿಯಸ್ ಗೇಜ್ ಅನ್ನುವವನ ಕಥೆ ನೀನು ಪಿಯುಸಿಯಲ್ಲಿ ಓದಿರಬೇಕು. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು, ಮನುಷ್ಯ ಬದುಕಿದ, ಗುಣ ಬದಲಾಯಿತು ಅಂತ ಅಲ್ಲಿಗೆ ನಿಲ್ಲಿಸ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಅದರ ಮುಂದಿನದು. ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ದಿನಾ ಅದೇ ಹೊತ್ತು, ಅದೇ ದಾರಿ, ಅದೇ ಕ್ರಮದ ಕೆಲಸ. ಆ ಕಟ್ಟುನಿಟ್ಟಿನ ದಿನಚರಿಯೇ ಅವನನ್ನು ಹಳಿಗೆ ತಂದಿರಬೇಕು ಅಂತ ಅವನ ಬಗ್ಗೆ ಅಭ್ಯಾಸ ಮಾಡಿದವರು ಹೇಳ್ತಾರೆ. ನಿನ್ನ ಡೈರಿ, ಮೊಬೈಲಿನ ಅಲಾರಂ, ಬಾಗಿಲ ಹಿಂದೆ ಅಂಟಿಸಿದ ಪಟ್ಟಿ, ಯಾವುದನ್ನೂ 'ಸರಿಹೋದೆ' ಅಂತ ಬಿಡಬೇಡ. ಮೊದಲ ಆರು ತಿಂಗಳು ಬೇಗ ಬೇಗ ಆಗುತ್ತೆ, ಆಮೇಲೆ ನಿಧಾನ, ಆದರೆ ವರ್ಷಗಳವರೆಗೂ ಆಗ್ತಾನೇ ಇರುತ್ತೆ ಅಂದಿದ್ದಾರೆ ಡಾಕ್ಟರು.

ಇನ್ನೊಂದು ಮುಖ್ಯ ವಿಷಯ. ನಿನಗೆ ವಾಸನೆ ಇನ್ನೂ ಬಂದಿಲ್ಲ. ಮೂಗಿನ ಮೇಲಿನ ಮೂಳೆಯ ಸಣ್ಣ ತೂತುಗಳಿಂದ ಹಾದುಹೋಗುವ ನರದ ಎಳೆಗಳು ಪೆಟ್ಟಿಗೆ ಕಿತ್ತುಹೋಗ್ತವೆ, ಬಂದರೆ ಬರಬಹುದು, ಬರದೆಯೂ ಇರಬಹುದು. ಮಲ್ಲಿಗೆ ಮುಡಿದು "ಏನೂ ಗೊತ್ತಾಗ್ತಿಲ್ಲ ಅಮ್ಮಾ" ಅಂದ ದಿನ ನಿಮ್ಮಮ್ಮ ಹೂವು ತರೋದನ್ನೇ ನಿಲ್ಲಿಸಿದ್ದಳು, ನೀನೇ ಹೇಳಿ ಮತ್ತೆ ತರಿಸಿದೆ. ಹೂವು ಇರಲಿ, ಗ್ಯಾಸ್ ಸೋರಿದರೂ ನಿನಗೆ ಗೊತ್ತಾಗಲ್ಲ. ಚಿಕ್ಕಮ್ಮನ ಮನೆಯಿಂದ ಪಿಜಿಗೆ ಹೋಗುವ ಮುಂಚೆ ಅಲ್ಲಿನ ಅಡುಗೆಮನೆಗೆ ಗ್ಯಾಸ್ ಡಿಟೆಕ್ಟರ್ ಹಾಕಿಸ್ತೀನಿ, ಪಿಜಿಯವರ ಹತ್ತಿರ ನಾನೇ ಮಾತಾಡ್ತೀನಿ. ಹಾಲು, ಅನ್ನದ ಮೇಲೆ ತಾರೀಖು ಬರೆದಿಡು. ಫಿಟ್ಸ್ ಮಾತ್ರೆ ಎರಡು ಹೊತ್ತೂ ತಪ್ಪಿಸಬೇಡ, ಡಾಕ್ಟರು ಹೇಳದೆ ಒಂದನ್ನೂ ಬಿಡಬೇಡ, ಸ್ಕೂಟರ್ ಮಾತಂತೂ ಅವರು ಸರಿ ಅನ್ನುವವರೆಗೆ ಬೇಡ.

ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್, ಅರ್ಧ ದಿನದ ಕೆಲಸಕ್ಕೆ ಡಾಕ್ಟರು ಕೊಟ್ಟ ಪತ್ರ ಎರಡನ್ನೂ ಇದರ ಜೊತೆ ಇಟ್ಟಿದ್ದೀನಿ. ಮ್ಯಾನೇಜರಿಗೆ ಏನು ಹೇಳಬೇಕು ಅಂತ ನೀನೇ ಬರೆದುಕೋ, ನಿನ್ನ ಮಾತಿನಲ್ಲೇ ಇರಲಿ. ಭಾನುವಾರ ಬೆಳಿಗ್ಗೆ, ನೀನು ಹುರುಪಾಗಿರೋ ಹೊತ್ತಿಗೆ, ನಾನೂ ಅಮ್ಮನೂ ಚಿಕ್ಕಮ್ಮನ ಮನೆಗೆ ಬರ್ತೀವಿ. ಆಗ ಓದಿ ತೋರಿಸು. ಅಷ್ಟು ಓದಿದ ಮೇಲೂ ಕಾಲು ಮುರಿದಿತ್ತು ಅಂತಲೇ ಹೇಳಬೇಕು ಅನ್ನಿಸಿದರೆ, ಅದಕ್ಕೆ ಕಾರಣವನ್ನೂ ಹೇಳು, ಕೇಳ್ತೀನಿ.

ಇಂತಿ ನಿನ್ನ
ಅಪ್ಪ