ಜಲಸಸ್ಯಗಳ ಅಕ್ವೇರಿಯಂ: ಖರ್ಚು ನಿಂತಿರುವುದು ಬೆಳಕಿನ ಮೇಲೆ

ಮಾನ್ಯ ಸಂಪಾದಕರೆ,

ಮನೆಯೊಳಗಿನ ಹವ್ಯಾಸಗಳನ್ನು ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವು ಜೀವಂತ ಗಿಡಗಳಿರುವ ಅಕ್ವೇರಿಯಂ ಅನ್ನು ಉಳ್ಳವರಿಗಷ್ಟೇ ಸಲ್ಲುವ ಹವ್ಯಾಸವೆಂದು ಬಣ್ಣಿಸಿದೆ. ಅದಕ್ಕೆ ಆಧಾರವಾಗಿ ಕೊಟ್ಟ ಪಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ಪ್ರಖರವಾದ ದೀಪ, ತೊಟ್ಟಿಯ ಹೊರಗಿಟ್ಟು ನೀರು ಸೋಸುವ ಕ್ಯಾನಿಸ್ಟರ್ ಫಿಲ್ಟರ್, ವಿಶೇಷವಾಗಿ ತಯಾರಿಸಿದ ಮಣ್ಣಿನ ಹರಳು, ಬಾಟಲಿಗಳಲ್ಲಿ ಬರುವ ಗೊಬ್ಬರ ಇವೆಲ್ಲ ಸೇರಿದ್ದವು. ಗಿಡಗಳಿಗೆ ಸಿಕ್ಕಿದ್ದು ಕೊನೆಯ ಒಂದು ಸಾಲು. ಈ ಪಟ್ಟಿಯನ್ನು ನೋಡಿ ಆಸೆಯನ್ನೇ ಕೈಬಿಟ್ಟ ಓದುಗರು ಅನೇಕರಿರಬಹುದು ಎಂಬ ಕಾರಣಕ್ಕೆ ಈ ಪತ್ರವನ್ನು ಬರೆಯುತ್ತಿದ್ದೇನೆ.

ಈ ಹವ್ಯಾಸ ಹುಟ್ಟಿದಾಗ ಮೇಲಿನ ಸಲಕರಣೆಗಳಲ್ಲಿ ಒಂದೂ ಇರಲಿಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಗಾಜಿನ ಪಾತ್ರೆಯ ತಳಕ್ಕೆ ಮರಳು, ಕೆಸರು ಹಾಸಿ, ವ್ಯಾಲಿಸ್ನೇರಿಯಾ ಗಿಡವನ್ನು ನೆಟ್ಟು, ಎರಡು ಸಣ್ಣ ಗೋಲ್ಡ್‌ಫಿಶ್‌ಗಳನ್ನು ಬಿಡಲಾಗಿತ್ತು. ಹಳೆಯ ಎಲೆಗಳು ಕೊಳೆತು, ಪಾಚಿ ಬೆಳೆದು ನೀರು ಕೆಡತೊಡಗಿದಾಗ ಅವರು ಕೊಳದ ಬಸವನಹುಳುಗಳನ್ನು ತಂದು ಸೇರಿಸಿದರು. ಕೊಳೆತದ್ದನ್ನೆಲ್ಲ ಅವು ತಿಂದು ಮುಗಿಸಿದ ಮೇಲೆ ನೀರು ಮತ್ತೆ ತಿಳಿಯಾಯಿತು. (ಇಂದು ಅದೇ ಬಸವನಹುಳುಗಳನ್ನು ಕೊಲ್ಲಲು ಔಷಧಿ ಮಾರುತ್ತಾರೆ.) ಲೇಖನದ ಜೊತೆಗೆ ಅಚ್ಚಾದ ಚಿತ್ರದಲ್ಲಿ ಕಾಣುವ, ಹುಲ್ಲುಹಾಸು ಹಾಸಿದಂತಿರುವ ತೊಟ್ಟಿಗಳ ಶೈಲಿ ಬಹಳ ಈಚಿನದು, ಅದನ್ನು ಜಗತ್ತಿಗೆ ಪರಿಚಯಿಸಿದವರು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ. ಆ ಶೈಲಿ ಸುಂದರವಾದದ್ದೇ, ಆದರೆ ಗಿಡಗಳ ತೊಟ್ಟಿಯೆಂದರೆ ಅದೊಂದೇ ಎಂದು ತಿಳಿಯುವುದು ಸರಿಯಲ್ಲ.

ತೊಟ್ಟಿಯ ಒಟ್ಟು ಖರ್ಚು ನಿಂತಿರುವುದು ಬೆಳಕಿನ ಮೇಲೆ ಎಂಬುದೇ ನನ್ನ ಮುಖ್ಯ ವಾದ. ಬೆಳಕು ಹೆಚ್ಚಿದಷ್ಟೂ ಗಿಡ ವೇಗವಾಗಿ ಬೆಳೆಯಲು ಹೊರಡುತ್ತದೆ. ಆ ವೇಗಕ್ಕೆ ತಕ್ಕಷ್ಟು ಇಂಗಾಲ, ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ ಸಿಗದಿದ್ದರೆ ಸೊರಗುತ್ತದೆ, ಸೊರಗಿದ ಗಿಡದ ಎಲೆಗಳಿಗೆ ಪಾಚಿ ಮೆತ್ತಿಕೊಳ್ಳುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಮೊದಲು ಕೊರತೆ ಬೀಳುವುದು ಇಂಗಾಲವೇ, ಏಕೆಂದರೆ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು 10,000ದಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಪ್ರಖರ ದೀಪವನ್ನು ಕೊಂಡವರು ಸಿಲಿಂಡರನ್ನೂ ಕೊಳ್ಳಬೇಕಾಗುತ್ತದೆ, ಸಿಲಿಂಡರ್ ಬಂದ ಮೇಲೆ ಗೊಬ್ಬರ, ಗೊಬ್ಬರದ ಹಿಂದೆ ವಾರವಾರವೂ ಗಿಡ ಕತ್ತರಿಸುವ ಮತ್ತು ಅರ್ಧ ತೊಟ್ಟಿ ನೀರು ಬದಲಿಸುವ ಕೆಲಸ, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಬೆಳಕು ಮಿತವಾಗಿದ್ದರೆ ಗಿಡದ ಬೇಡಿಕೆಯೂ ಮಿತವಾಗಿರುತ್ತದೆ. ಮೀನುಗಳ ಉಸಿರು ಮತ್ತು ತಳದ ಮಣ್ಣಿನಲ್ಲಿ ಕೊಳೆಯುವ ಸಾವಯವ ಪದಾರ್ಥ ಕೊಡುವ ಇಂಗಾಲದ ಡೈಆಕ್ಸೈಡೇ ಸಾಕಾಗುತ್ತದೆ, ಮೀನಿಗೆ ಹಾಕುವ ಆಹಾರದಿಂದಲೇ ಬಹುಪಾಲು ಸಾರಜನಕ, ರಂಜಕ ದೊರೆಯುತ್ತವೆ. ಇದಕ್ಕೆ ಮನೆಯಲ್ಲಿ ಬಳಸುವ, ಹಗಲಿನ ಬೆಳಕಿನ ಬಣ್ಣದ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬಲ್ಬು ಸಾಕು. ಅದನ್ನು ದಿನಕ್ಕೆ 6ರಿಂದ 8 ತಾಸು ಉರಿಸಬೇಕು. ಬಲ್ಬಿಗಿಂತ ಅದನ್ನು ಹೊತ್ತಿಗೆ ಸರಿಯಾಗಿ ಹೊತ್ತಿಸಿ ಆರಿಸುವ ಸಾಧಾರಣ ಟೈಮರ್ ಹೆಚ್ಚು ಉಪಕಾರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ತೊಟ್ಟಿಯ ಅಂದ ನೋಡುವ ಆಸೆಗೆ ರಾತ್ರಿಯವರೆಗೂ ದೀಪ ಉರಿಸುವ ಮನೆಗಳಲ್ಲೇ ಪಾಚಿಯ ದೂರು ಜಾಸ್ತಿ.

ಹೀಗೆ ಉಳಿದ ಹಣವನ್ನು ಗಿಡಗಳ ಮೇಲೆ ಹಾಕಬೇಕು, ಅದೂ ಮೊದಲ ದಿನವೇ. ಎರಡು ಮೂರು ಕಡ್ಡಿ ನೆಟ್ಟು, ಅವು ಹಬ್ಬಿದ ಮೇಲೆ ನೋಡೋಣವೆಂದು ಕಾಯುವುದು ಉಳಿತಾಯದಂತೆ ಕಂಡರೂ ಖಾಲಿ ಬಿಟ್ಟ ಜಾಗವನ್ನು ಪಾಚಿ ಹಿಡಿಯುತ್ತದೆ. ವೇಗವಾಗಿ ಬೆಳೆಯುವ ಹಾರ್ನ್‌ವರ್ಟ್, ಹೈಗ್ರೊಫಿಲಾ, ವ್ಯಾಲಿಸ್ನೇರಿಯಾಗಳು ಅಗ್ಗವಾಗಿ ಸಿಗುವ ಗಿಡಗಳು, ಮೀನಿನ ಕಶ್ಮಲದಿಂದ ಬರುವ, ಮೀನಿಗೇ ವಿಷವಾಗುವ ಅಮೋನಿಯಾವನ್ನು ಹೀರಿಕೊಳ್ಳುವುದರಲ್ಲಿಯೂ ಇವು ಮುಂದು. ನೀರಿನ ಮೇಲೆ ತೇಲುವ ಗಿಡಗಳು ಇವುಗಳಿಗಿಂತಲೂ ಚುರುಕು. ಅವುಗಳ ಎಲೆ ಗಾಳಿಯಲ್ಲೇ ಇರುವುದರಿಂದ ಇಂಗಾಲಕ್ಕೆ ಬರಗಾಲವೆಂಬುದೇ ಇಲ್ಲ. ನಿಧಾನವಾಗಿ ಬೆಳೆಯುವ ಜಾವಾ ಫರ್ನ್, ಅನುಬಿಯಾಸ್‌ಗಳನ್ನು ಒಂದೆರಡು ತಂದರೆ ಸಾಕು. ಆದರೆ ರೈಜೋಮ್ ಎಂಬ ಅವುಗಳ ದಪ್ಪ ಅಡ್ಡಕಾಂಡವನ್ನು ಮರಳಿನಲ್ಲಿ ಹೂಳಬಾರದು, ಹೂತರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿದರೆ ಬೇರುಗಳು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಜಾವಾ ಫರ್ನ್‌ನ ಹಳೆಯ ಎಲೆಯ ಅಡಿಯಲ್ಲಿ ಕಪ್ಪು ಚುಕ್ಕೆಗಳು ಕಂಡರೆ ರೋಗವೆಂದು ಗಾಬರಿಯಾಗಿ ಕಿತ್ತೆಸೆಯುವವರಿದ್ದಾರೆ. ಅಂಥ ಎಲೆಯನ್ನು ಹಾಗೆಯೇ ಬಿಟ್ಟರೆ ಕೆಲವೇ ವಾರಗಳಲ್ಲಿ ಅದರ ಮೇಲೆಯೇ ಪುಟ್ಟ ಮರಿಗಿಡಗಳು ಕೂದಲಿನಂಥ ಕಂದು ಬೇರುಗಳ ಸಮೇತ ಮೂಡುತ್ತವೆ, ಅವನ್ನು ಬಿಡಿಸಿ ಬೇರೆಡೆ ಕಟ್ಟಬಹುದು.

ಕ್ರಿಪ್ಟೊಕೊರೈನ್ ಎಂಬ ಜಲಸಸ್ಯದ ಕುರಿತು ಒಂದು ಮಾತು. ಹೊಸ ನೀರಿಗೆ ಬಂದ ಮೊದಲ ವಾರದಲ್ಲಿ ಇದರ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ತೂತುಬಿದ್ದು, ಮುಟ್ಟಿದರೆ ಲೋಳೆಯಾಗಿ ಕರಗಿಹೋಗುವುದುಂಟು. ಮಾರಾಟಕ್ಕೆ ಬರುವ ಇಂಥ ಅನೇಕ ಗಿಡಗಳು ಬೆಳೆದಿರುವುದು ನೀರಿನ ಹೊರಗೆ. ಗಾಳಿಯಲ್ಲಿ ಮೂಡಿದ ಎಲೆ ನೀರಿನೊಳಗೆ ಬಾಳುವುದಿಲ್ಲ. ಬೇರು ಗಟ್ಟಿಯಾಗಿದ್ದರೆ ಗಿಡ ಸತ್ತಿಲ್ಲವೆಂದೇ ಅರ್ಥ, ಕೊಳೆತ ಎಲೆಗಳನ್ನಷ್ಟೇ ತೆಗೆದು ಅದನ್ನು ಕದಲಿಸದೆ ಬಿಟ್ಟರೆ ನಡುವಿನಿಂದ ನೀರಿಗೆ ಒಗ್ಗಿದ ಹೊಸ ಎಲೆ ಚಿಗುರುತ್ತದೆ. ಈ ಸಂಗತಿ ಗೊತ್ತಿಲ್ಲದೆ ಗಿಡ ಎಸೆದು ಮತ್ತೆ ಕೊಳ್ಳುವುದು ಈ ಹವ್ಯಾಸದಲ್ಲಿ ನಡೆಯುವ ದೊಡ್ಡ ದಂಡಗಳಲ್ಲಿ ಒಂದು.

ತಳಕ್ಕೆ ವಿಶೇಷ ಹರಳುಗಳೇ ಆಗಬೇಕೆಂದಿಲ್ಲ. ಅಮೆರಿಕದ ಡಯಾನಾ ವಾಲ್‌ಸ್ಟಡ್ ಅವರ ಹೆಸರಿನಿಂದ ಪ್ರಸಿದ್ಧವಾದ ವಿಧಾನದಲ್ಲಿ ಸಾಮಾನ್ಯ ಮಣ್ಣನ್ನೇ ಸುಮಾರು 2.5 ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ಅದರ ಮೇಲೆ ಸುಮಾರು ಅಷ್ಟೇ ದಪ್ಪಕ್ಕೆ ತೊಳೆದ ಮರಳು ಅಥವಾ ಸಣ್ಣ ಜಲ್ಲಿಯನ್ನು ಮುಚ್ಚುತ್ತಾರೆ. ಮಣ್ಣಿನಲ್ಲಿ ರಾಸಾಯನಿಕ ಗೊಬ್ಬರವಾಗಲಿ, ಹಸಿ ಸಗಣಿಯಾಗಲಿ, ಕೀಟನಾಶಕವಾಗಲಿ ಇರಕೂಡದು. ಪದರ ಅತಿ ದಪ್ಪವಾದರೆ ಕೆಳಗೆ ಆಮ್ಲಜನಕ ಮುಟ್ಟದೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಹೊರಗಿನಿಂದ ಆಯ್ದು ತಂದ ಕಲ್ಲಿನ ಮೇಲೆ ಒಂದೆರಡು ಹನಿ ವಿನೆಗರ್ ಹಾಕಿ ನೋಡಬೇಕು; ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ಅದು ನಿಧಾನವಾಗಿ ಕರಗಿ ನೀರನ್ನು ಗಡಸಾಗಿಸುತ್ತದೆ.

ಉಳಿತಾಯ ಮಾಡಬಾರದ ಜಾಗಗಳೂ ಇವೆ. ತೊಟ್ಟಿ ಚಿಕ್ಕದಾದಷ್ಟೂ ಅಗ್ಗವೆಂಬ ಲೆಕ್ಕ ಮೋಸದ್ದು, ಏಕೆಂದರೆ ನೀರು ಕಡಿಮೆಯಿದ್ದಷ್ಟೂ ಅದರ ಉಷ್ಣಾಂಶ ಬೇಗ ಏರಿಳಿಯುತ್ತದೆ, ಕಶ್ಮಲ ಬೇಗ ಗಾಢವಾಗುತ್ತದೆ. ಮೇಜಿನ ಮೇಲಿಡುವ ದುಂಡು ಬಟ್ಟಲನ್ನು ಮೀನಿಗೆ ಕೊಡುವ ಶಿಕ್ಷೆ ಎಂದೇ ನಾನು ಭಾವಿಸುತ್ತೇನೆ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿಯ ಅಳತೆ ಸುಮಾರು 65 ಲೀಟರ್. ಆರಂಭಕ್ಕೆ ಇದು ಹದವಾದದ್ದು. ಯಾರೋ ಬಳಸಿ ಬಿಟ್ಟ ತೊಟ್ಟಿಯಾದರೂ ಆದೀತು, ಆದರೆ ಅದನ್ನು ಹೊರಗೆ ಸಮತಟ್ಟಾದ ಜಾಗದಲ್ಲಿಟ್ಟು ನೀರು ತುಂಬಿ, ಮೂಲೆಗಳ ಸಿಲಿಕೋನ್ ಅಂಟಿನಲ್ಲಿ ಎಲ್ಲಿಯಾದರೂ ಒಸರುತ್ತದೆಯೇ ಎಂದು ಒಂದೆರಡು ದಿನ ನೋಡಿಯೇ ಒಳಗೆ ತರಬೇಕು. ತುಂಬಿದ ನೀರೇ 65 ಕಿಲೋ ತೂಗುವುದರಿಂದ ಅಡಿಯ ಮೇಜೂ ಗಟ್ಟಿಯಾಗಿರಬೇಕು. ಫಿಲ್ಟರ್‌ಗೆ ಸಣ್ಣ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಆ ಸ್ಪಂಜಿನಲ್ಲೇ ನೆಲೆಸುವುದರಿಂದ ಅದನ್ನು ನಲ್ಲಿಯ ಕೆಳಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು. ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ದಟ್ಟವಾಗಿ ಗಿಡ ನೆಟ್ಟ ತೊಟ್ಟಿಯಲ್ಲಿ ಅಪಾಯ ಕಡಿಮೆಯಾದರೂ, ಮೀನುಗಳನ್ನು ಕಾದು ನಿಂತು ಒಂದೊಂದು ಗುಂಪಾಗಿ ಬಿಡುವುದು ಕ್ಷೇಮ. ನಲ್ಲಿ ನೀರಿನ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹೆಚ್ಚುಕಡಿಮೆ ಹಾರಿಹೋಗುತ್ತದೆ, ನೀರಿನ ಶುದ್ಧಿಗೆ ಬಳಸುವ ಇನ್ನೊಂದು ರಾಸಾಯನಿಕವಾದ ಕ್ಲೋರಮೀನ್ ಹಾಗೆ ಹೋಗುವುದಿಲ್ಲ. ಅದನ್ನು ಬಳಸುವ ಊರುಗಳಲ್ಲಿ ಅದನ್ನು ತೆಗೆಯುವ ದ್ರಾವಣ ಕೊಳ್ಳಲೇಬೇಕು.

ಲೇಖನದಲ್ಲಿ ಪ್ರಸ್ತಾಪವೇ ಆಗದ ಇನ್ನೊಂದು ವಿಷಯ ಹೆಚ್ಚಾದ ಗಿಡಗಳ ವಿಲೇವಾರಿ. ವೇಗವಾಗಿ ಬೆಳೆಯುವ ಅಗ್ಗದ ಗಿಡಗಳನ್ನು ಕತ್ತರಿಸಿದಾಗ ಬುಟ್ಟಿಗಟ್ಟಲೆ ಉಳಿಯುತ್ತದೆ, ಅದನ್ನು ಹತ್ತಿರದ ಕೆರೆಗೋ ಕಾಲುವೆಗೋ ಹಾಕಿದರೆ ಆಗುವ ಹಾನಿ ತೊಟ್ಟಿಯ ಖರ್ಚಿನ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ದಕ್ಷಿಣ ಅಮೆರಿಕದ ಅಂತರಗಂಗೆ (ವಾಟರ್ ಹಯಾಸಿಂತ್) ಹೂವಿನ ಚೆಲುವಿಗಾಗಿಯೇ ಖಂಡ ಖಂಡ ದಾಟಿ ಜಲಾಶಯಗಳನ್ನು ಮುಚ್ಚಿತು. ಭಾರತ ಮೂಲದ ಹೈಗ್ರೊಫಿಲಾ ಪಾಲಿಸ್ಪರ್ಮಾ ಅಮೆರಿಕದಲ್ಲಿ ಸರ್ಕಾರವೇ ನಿಷೇಧಿತ ಕಳೆಗಳ ಪಟ್ಟಿಗೆ ಸೇರಿಸಿದ ಗಿಡವಾಗಿದೆ. ಉಳಿದದ್ದನ್ನು ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು, ಇಲ್ಲವೇ ಹೊಸದಾಗಿ ತೊಟ್ಟಿ ಕಟ್ಟುವವರಿಗೆ ಕೊಡಬೇಕು. ಹವ್ಯಾಸಿಗಳ ನಡುವೆ ಗಿಡಗಳು ಹೀಗೆ ಕೈಯಿಂದ ಕೈಗೆ ದಾಟುವುದರಿಂದಲೇ ಹೊಸಬರ ಖರ್ಚು ಇನ್ನಷ್ಟು ಇಳಿಯುತ್ತದೆ.

ಮುಂದಿನ ಪುರವಣಿಯಲ್ಲಿ ಈ ವಿಷಯವನ್ನು ಮತ್ತೆ ಎತ್ತಿಕೊಳ್ಳುವುದಾದರೆ, ಸಲಕರಣೆಗಳ ಪಟ್ಟಿಗೆ ಮೊದಲು ಕಡಿಮೆ ಬೆಳಕಿನಲ್ಲಿ ಬೆಳೆಯುವ ಗಿಡಗಳ ಹೆಸರು ಮತ್ತು ಚಿತ್ರಗಳನ್ನು ಕೊಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ